ಕಂಪನಿ ಬಣ್ಣ

ವಾಹನದ ಮೈಮೇಲೆ ಅಂಟಿಸಿದ ಅಲಂಕಾರದ ಪಟ್ಟಿಯನ್ನು ಬಣ್ಣಕ್ಕೆ ಪೆಟ್ಟಾಗದಂತೆ ತೆಗೆಯುವುದು ಹೇಗೆಂಬುದನ್ನು ನಾನು ಶಿವಲಕ್ಷ್ಮಿಯಿಂದ ಕಲಿತೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಏಳನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸೊಬ್ಬಳು ಪಾಠ ಹೇಳಿದಳೆಂದು ಬರೆಯಲು ನನಗೆ ಸಂಕೋಚವಿಲ್ಲ. ಸಂಕೋಚಪಡಬೇಕಾದ ಸಂಗತಿ ಬೇರೆಯಿದೆ, ಅದನ್ನೂ ಬರೆಯುತ್ತೇನೆ.

ಬ್ಲೇಡು ಮುಟ್ಟಿಸಬಾರದು. ಥಿನ್ನರ್ ಸುರಿಯಬಾರದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಟ್ಟಿಯ ಮೇಲೆ ಹರಡಿ, ಅದಕ್ಕೆ ಇಸ್ತ್ರಿಪೆಟ್ಟಿಗೆಯನ್ನು ತಾಗಿಯೂ ತಾಗದಂತೆ ಹಿಡಿದು, ಆವಿಯಿಂದ ಒಳಗಿನ ಅಂಟನ್ನು ಮೆತ್ತಗಾಗಿಸಬೇಕು. ತುದಿಯನ್ನು ಉಗುರಿನಿಂದ ಎಬ್ಬಿಸಿ, ಮೇಲಕ್ಕೆ ಕೀಳದೆ, ಪಟ್ಟಿಯನ್ನು ಅದರ ಮೈಮೇಲೆಯೇ ಹಿಂದಕ್ಕೆ ಮಡಿಚಿಕೊಳ್ಳುತ್ತ ಎಳೆಯಬೇಕು. ಉಬ್ಬಕ್ಷರಗಳಿದ್ದರೆ ಜೀನ್ಸ್ ಹೊಲಿಯುವ ದಪ್ಪ ದಾರವನ್ನು ಅವುಗಳ ಬೆನ್ನಿಗೆ ತೂರಿಸಿ ಗರಗಸದಂತೆ ಆಡಿಸಬೇಕು. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಹಳೆಯ ಬನಿಯನ್ನಿನಿಂದ ಒರೆಸಿ, ಸೋಪಿನ ನೀರಿನಿಂದ ತೊಳೆಯಬೇಕು. ಅವಸರ ಮಾಡಿದವನಿಗೆ ಈ ಕೆಲಸ ಒಲಿಯದು.

ಶಿವಲಕ್ಷ್ಮಿ ಅಮರಾಪುರದ ಕಡೆಯವಳು. ಮದುವೆಯಾದ ವರ್ಷವೇ ಗಂಡನೊಡನೆ ರಾಯದುರ್ಗಕ್ಕೆ ಹೋಗಿ, ಅಲ್ಲಿನ ಜೀನ್ಸ್ ಶೆಡ್ಡುಗಳಲ್ಲಿ ಹನ್ನೊಂದು ವರ್ಷ ದುಡಿದಳು. ಮೊದಲು ದಾರ ಕತ್ತರಿಸಿದಳು, ಆಮೇಲೆ ಇಸ್ತ್ರಿ ಹಿಡಿದಳು, ಕೊನೆಯ ಆರು ವರ್ಷ ಚೆಕಿಂಗ್ ಮೇಜಿನಲ್ಲಿ ಕುಳಿತಳು. ಹೊಲಿದು ಬಂದ ಪ್ಯಾಂಟುಗಳಲ್ಲಿ ತಪ್ಪು ಹುಡುಕುವುದು ಆ ಮೇಜಿನ ಕೆಲಸ. ಅತ್ತೆ ಹಾಸಿಗೆ ಹಿಡಿದಾಗ ಗಂಡಹೆಂಡಿರು ಮಡಕಶಿರಕ್ಕೆ ಮರಳಿದರು. ಪಾವಗಡದ ರಸ್ತೆಯಲ್ಲಿ ನನ್ನ ಮನೆಯ ಮಗ್ಗುಲಿನ ಮಳಿಗೆ ಹಿಡಿದು ಅವಳು ಸ್ಟಿಕ್ಕರ್ ಅಂಗಡಿ ತೆರೆದಳು: ಬೈಕುಗಳಿಗೆ ನಂಬರ್ ಪ್ಲೇಟು, ಟ್ರ್ಯಾಕ್ಟರಿನ ಹಣೆಗೆ ದೇವರ ಹೆಸರು, ಆಟೋಗಳ ಬೆನ್ನಿಗೆ ತೆಲುಗಿನಲ್ಲೊಂದು ಕನ್ನಡದಲ್ಲೊಂದು ನೀತಿವಾಕ್ಯ. ಕಾಗುಣಿತವನ್ನು ನನಗೆ ತೋರಿಸದೆ ಅವಳು ಒಂದು ಅಕ್ಷರವನ್ನೂ ಕತ್ತರಿಸುತ್ತಿರಲಿಲ್ಲ. ಗಂಡ ಲೋಕನಾಥ ಮರುಳಪ್ಪನ ವ್ಯಾನು ಓಡಿಸುತ್ತಿದ್ದ.

ಮರುಳಪ್ಪನೆಂದರೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳನ್ನು ಹಿಂದೂಪುರದಾಚೆಯ ಗಾರ್ಮೆಂಟ್ ಕಾರ್ಖಾನೆಗಳಿಗೆ ಸೇರಿಸುವ ಮೇಸ್ತ್ರಿ. ಕಡಲೆಕಾಯಿ ಬಿಡಿಸುತ್ತಿದ್ದ, ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಕೈಗಳನ್ನು ಹೊಲಿಗೆ ಯಂತ್ರಗಳಿಗೆ ಒದಗಿಸಿ ಅವನು ಎರಡಂತಸ್ತಿನ ಮನೆ ಕಟ್ಟಿದ್ದ. ಅವನ ಮಗಳು ಹೇಮಶ್ರೀ ನನ್ನ ಶಿಷ್ಯೆ. ರಾಯದುರ್ಗದಲ್ಲಿ ಜೀನ್ಸ್ ಶೆಡ್ಡು ಇಟ್ಟುಕೊಂಡಿದ್ದ ದೊಡ್ಡಮಲ್ಲಪ್ಪನವರ ಎರಡನೆಯ ಮಗನಿಗೆ ಅವಳನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಅಳಿಯನಿಗೆ ಒಂದು ಕಾರು ಕೊಡುವುದೆಂದೂ ಆಗಿತ್ತು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂದು ನಾನು ಎಂಟನೆಯ ತರಗತಿಯ ಮಕ್ಕಳಿಂದ ಕರಿಹಲಗೆಯ ಮೇಲೆ ಬರೆಸುತ್ತಿದ್ದೆ. ಹೇಮಶ್ರೀಯೂ ಬರೆದಿದ್ದಳು, ಅಕ್ಷರ ದುಂಡಗಿತ್ತು. ಕಾರನ್ನು ಉಡುಗೊರೆಯೆಂದು ಕರೆದರೆ ಆ ಪಾಠ ಅನ್ವಯಿಸುವುದಿಲ್ಲವೆಂದು ಊರು ತೀರ್ಮಾನಿಸಿತ್ತು. ನಾನು ಒಳಗೊಳಗೇ ಕನಲಿದೆ, ಆದರೆ ಲಗ್ನಪತ್ರಿಕೆಯ ಒಕ್ಕಣೆಯನ್ನು ತಿದ್ದಿಕೊಟ್ಟವನೂ ನಾನೇ.

ಕಾರು ಬೆಂಗಳೂರಿನಿಂದ ಬಂದಿತ್ತು. ನಾಲ್ಕು ವರ್ಷ ಓಡಿದ ಗಾಡಿ, ಕಡುಗೆಂಪು ಬಣ್ಣ. ಎರಡೂ ಮಗ್ಗುಲಿಗೆ ಮುಂದೀಪದಿಂದ ಹಿಂದೀಪದವರೆಗೆ ಬೆಳ್ಳಿ ಮತ್ತು ಕಪ್ಪಿನ ಜೋಡಿಪಟ್ಟಿ. ಹೇಮಾವತಿ ಊರಿನ ಸಿದ್ಧೇಶ್ವರನ ಗುಡಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಒಡೆಸಿ ತಂದ ಮರುಳಪ್ಪ ಬೀಗರಿಗೆ ಫೋನಿನಲ್ಲಿ ಹೇಳಿದ್ದನ್ನು ಬೀದಿಯೆಲ್ಲ ಕೇಳಿತ್ತು: "ಡಾಕ್ಟ್ರು ಇಟ್ಟಿದ್ದ ಗಾಡಿ ಬೀಗ್ರೇ. ಅಷ್ಟೂ ಕಂಪನಿ ಬಣ್ಣ. ಒಂದ್ ಗೀರು ಇದ್ರೆ ನನ್ ಹೆಸ್ರು ಮರುಳಪ್ಪ ಅಲ್ಲ." ಫೋನಿನಲ್ಲಿ ಚಿತ್ರ ನೋಡಿದ ಅಳಿಯನಿಗೆ ಪಟ್ಟಿ ಮಾತ್ರ ಹಿಡಿಸಲಿಲ್ಲ, ಬಾಡಿಗೆ ಗಾಡಿಯಂತೆ ಕಾಣುತ್ತದೆ, ತೆಗೆಸಿ ಎಂದ. ಗುರುವಾರ ಬೀಗರು ಬರುವವರಿದ್ದರು. ಸೋಮವಾರ ಬೆಳಿಗ್ಗೆ ಕಾರು ಶಿವಲಕ್ಷ್ಮಿಯ ಅಂಗಡಿಯ ಮುಂದೆ ನಿಂತಿತು.

ನಾನು ಪತ್ರಿಕೆ ಮಡಿಚಿಟ್ಟು ನೋಡುತ್ತೇನೆ, ಪಟ್ಟಿ ತೆಗೆಯಬೇಕಾದವಳು ಸುರುಳಿಯೊಂದರಿಂದ ಹೆಬ್ಬೆರಳುಗುರಿನಷ್ಟಗಲದ ಹಳದಿ ಬಾಣಗಳನ್ನು ಬಿಡಿಸಿ ಬಿಡಿಸಿ ಕಾರಿಗೆ ಅಂಟಿಸುತ್ತಿದ್ದಾಳೆ.

"ಇದೇನಮ್ಮ, ತೆಗೆಯೋಕೆ ಕೊಟ್ಟ ಗಾಡಿಗೆ ನೀನೇ ಇನ್ನಷ್ಟು ಅಂಟಿಸ್ತಾ ಇದ್ದೀಯಲ್ಲ?"

"ಇರೋ ತಪ್ಪು ಮೊದ್ಲು ತೋರುಸ್ಬೇಕು ಮೇಷ್ಟ್ರೇ. ರಾಯದುರ್ಗದ ಚೆಕಿಂಗ್‌ನಾಗೆ ಅದೇ ರೂಲು. ತಪ್ಪು ಎಲ್ಲೈತೋ ಅಲ್ಲಿಗೊಂದು ಬಾಣ. ನಾವ್ ಮುಟ್ಟಕ್ ಮುಂಚೆ ಇದ್ದಿದ್ದು ಆಮ್ಯಾಕೆ ನಮ್ ತಲೆ ಮ್ಯಾಲೆ ಬರಬಾರ್ದು ನೋಡಿ."

"ಯಾವಾಗಾದರೂ ಬಂದಿತ್ತೇನು?"

"ಬರದೆ ಇರ್ತದಾ? ಬಡವ್ರ ತಲೆ ಅಂದ್ರೆ ಬಸ್‌ಸ್ಟ್ಯಾಂಡ್ ಇದ್ದಂಗೆ. ಯಾವ್ ತಪ್ಪು ಬಂದ್ರೂ ಅಲ್ಲಿಗೇ ಬಂದ್ ನಿಲ್ಲೋದು."

ಆ ದಿನವಿಡೀ ಅವಳು ಬಲಮಗ್ಗುಲಿನ ಕೆಲಸ ಮಾಡಿದಳು. ಪಟ್ಟಿ ಬಾಳೆಯ ನಾರಿನಂತೆ ಉದ್ದಕ್ಕೆ, ಎಲ್ಲಿಯೂ ಹರಿಯದೆ ಬಂತು. ಸಂಜೆ ಎಣ್ಣೆಯೊರೆಸಿ ತೊಳೆದಾಗ ಪಟ್ಟಿಯಿದ್ದ ಜಾಗ ಸುತ್ತಲಿನದಕ್ಕಿಂತ ಗಾಢವಾಗಿ, ಹೊಸದಾಗಿ ಮಿನುಗುತ್ತಿತ್ತು. ನನಗೆ ಗಾಬರಿಯಾಯಿತು, ಅವಳು ನಕ್ಕಳು.

"ಇದು ಕಂಪನಿ ಕೊಟ್ಟಿದ್ ಬಣ್ಣ ಮೇಷ್ಟ್ರೇ, ನೆರಳಾಗೆ ಉಳ್ಕಂಡಿರೋದು. ಸುತ್ತ ಇರೋದು ಬಿಸ್ಲಿಗೆ ಸತ್ತಿರೋದು. ಪಾಲಿಶ್ ಹಾಕಿದ್ರೆ ಎರಡೂ ಒಂದಕ್ಕೊಂದು ಹತ್ರ ಬತ್ತವೆ."

ಶಾಲೆಯ ಗೋಡೆಯಿಂದ ಭೂಪಟವನ್ನು ಇಳಿಸಿದಾಗ ಅದರ ಹಿಂದೆ ಸುಣ್ಣ ಬೆಳ್ಳಗೆ ಉಳಿದಿರುತ್ತಿದ್ದುದು ನೆನಪಾಯಿತು. ಕಾಪಾಡಲ್ಪಟ್ಟದ್ದೇ ಕಲೆಯಂತೆ ಕಾಣುತ್ತದೆ. ನಮ್ಮ ಕಣ್ಣಿನ ನ್ಯಾಯವೇ ಅಂಥದು.

ಮಂಗಳವಾರ ಎಡಮಗ್ಗುಲು. ಹಿಂಬದಿಯ ಚಕ್ರದಿಂದ ಆರಂಭಿಸಿ ಒಂದು ಗೇಣು ಬಿಚ್ಚಿದ್ದಳು, ಅಷ್ಟರಲ್ಲಿ ಅವಳ ಕೈ ಅಲ್ಲೇ ನಿಂತಿತು. ಪಟ್ಟಿಯ ಅಂಟಿಗೆ ಕೆಂಪು ಬಣ್ಣದ ಚೂರೊಂದು ಕಚ್ಚಿಕೊಂಡು ಬಂದಿತ್ತು. ಕಾರಿನ ಮೈಯಲ್ಲಿ ಬೂದುಬಣ್ಣದ ಮೆತ್ತಿಗೆ ಇಣುಕುತ್ತಿತ್ತು. ಅವಳು ಬಾಗಿಲು ತೆರೆದು ಒಳಚೌಕಟ್ಟು ನೋಡಿದಳು, ಹೊರಗೆ ನೋಡಿದಳು, ಬೆರಳ ಗೆಣ್ಣಿನಿಂದ ಬಡಿದಳು. ಬಲಮಗ್ಗುಲಿನ ತಗಡು ಟಣ್ಣೆಂದರೆ ಎಡದ್ದು ಮಡಕೆಯಂತೆ ಸದ್ದು ಮಾಡಿತು.

"ಬನ್ನಿ ಇಲ್ಲಿ, ನೋಡಿ ಮೇಷ್ಟ್ರೇ. ಒಳಗೊಂದು ಕೆಂಪು, ಹೊರಗೊಂದು ಕೆಂಪು. ಗಾಡಿ ಎಲ್ಲೋ ಗುದ್ದುಸ್ಕಂಡು ಮಗ್ಗುಲು ಕೊಟ್ಟೈತೆ. ತಗ್ಗಿಗೆ ಮೆತ್ತಿ, ಮ್ಯಾಲೆ ಬಣ್ಣ ಹೊಡ್ದು, ಗೊತ್ತಾಗ್ದಂಗೆ ಈ ಪಟ್ಟಿ ಎಳ್ದವ್ರೆ. ಸೀರೆ ಹರ್ದಿರೋ ಕಡೆ ಹೂ ಹೊಲ್ದಂಗೆ."

"ಪಟ್ಟಿ ತೆಗೆದರೆ?"

"ಜೊತೆಗೆ ಬಣ್ಣಾನೂ ಬತ್ತದೆ. ಅಂಟು ಗಟ್ಟಿ ಐತೆ, ಬಣ್ಣಾನೇ ಸಡ್ಲ." ಹಾಗೆಂದು ಎರಡು ಬಾಗಿಲಿಗೂ ನಾಲ್ಕು ಬಾಣ ಅಂಟಿಸಿ, ಮರುಳಪ್ಪನಿಗೆ ಫೋನು ಮಾಡಿದಳು.

ಅವನು ಬಂದವನೇ ಬಾಣಗಳನ್ನು ನೋಡಿ ಸೊಂಟಕ್ಕೆ ಕೈಕೊಟ್ಟು ನಿಂತ.

"ಏನವ್ವ, ಯುದ್ಧಕ್ಕೆ ಹೊಂಟಿದ್ದೀಯ, ಇಷ್ಟೊಂದು ಬಾಣ?"

"ತಪ್ಪಿರೋ ಕಡೆ ಹಾಕಿದೀನಣ್ಣ. ಈ ಎರಡು ಬಾಗ್ಲು ಆಮ್ಯಾಕೆ ಬಣ್ಣ ಹೊಡ್ಸಿರೋವು. ಈ ಕಡೆ ಪಟ್ಟಿ ಇಲ್ಲಿಗೇ ಬಿಡಾಣ. ತೆಗೆದ್ರೆ ಕೆಡ್ತದೆ."

"ಯಾರ್ ಹೇಳಿದ್ರು ನಿಂಗೆ? ಡಾಕ್ಟ್ರು ಇಟ್ಟಿದ್ದ ಗಾಡಿ ಇದು."

"ಡಾಕ್ಟ್ರೇ ಇಟ್ಟಿರ್ಬೋದಣ್ಣ. ಅದ್ಕೇ ಗಾಯಕ್ಕೆ ಬ್ಯಾಂಡೇಜು ಇಷ್ಟು ಚೆನ್ನಾಗ್ ಕಟ್ಟವ್ರೆ."

ನಾನು ನಕ್ಕುಬಿಟ್ಟೆ. ಮರುಳಪ್ಪ ನಗಲಿಲ್ಲ. ಬಾಣಗಳನ್ನು ಒಂದೊಂದಾಗಿ ಉಗುರಿನಿಂದ ಕಿತ್ತು, ಉಂಡೆ ಮಾಡಿ ಚರಂಡಿಗೆ ಎಸೆದ.

"ನಾಳಿದ್ದು ಬೀಗರು ಬತ್ತಾರೆ. ಒಂದ್ ಕಡೆ ಪಟ್ಟಿ, ಒಂದ್ ಕಡೆ ಇಲ್ಲ ಅಂದ್ರೆ ಅರ್ಧ ಮೀಸೆ ಬೋಳಿಸ್ದಂಗೆ ಕಾಣ್ತದೆ. ತೆಗಿ ಅಂದ್ರೆ ತೆಗಿ."

"ನನ್ ಕೈಲಿ ಆಗಲ್ಲಣ್ಣ. ನಾ ಎಷ್ಟು ನಿಧಾನ ಮಾಡಿದ್ರೂ ಬತ್ತದೆ."

"ಆಗಲ್ವಾ? ಇಷ್ಟೇ ತಾನೇ?"

ಬಿಚ್ಚಿದ್ದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಅವನು ಒಂದೇ ಏಟಿಗೆ ಎಳೆದ. ಕಾದಾರಿದ ಹಾಲಿನ ಕೆನೆಯಂತೆ ಬಣ್ಣ ಪಟ್ಟಿಯೊಡನೆ ಎದ್ದುಬಂತು. ಹಿಂಬದಿಯ ಚಕ್ರದಿಂದ ಮುಂಬಾಗಿಲ ಹಿಡಿಕೆಯವರೆಗೆ ಎರಡು ಮೊಳದ ಬೂದುಗಾಯ. ಮರುಳಪ್ಪ ಕೈಯಲ್ಲಿದ್ದ ಪಟ್ಟಿಯನ್ನೂ ಕಾರನ್ನೂ ನೋಡಿದ.

"ನಾನು ಹೇಳ್ದೆ," ಎಂದಳು ಶಿವಲಕ್ಷ್ಮಿ. ಅದನ್ನು ಕಂಡವರು ನಾವು ಮೂವರೇ.

ಬುಧವಾರ ಬೆಳಿಗ್ಗೆ ಮರುಳಪ್ಪ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನನ್ನ ಜಗಲಿಗೆ ಬಂದ. ಅಹಂಕಾರ ಇಳಿದಿತ್ತು, ಕಣ್ಣಿನಲ್ಲಿ ನಿದ್ದೆಯಿರಲಿಲ್ಲ.

"ವೆಂಕಟಸ್ವಾಮಿ ಮೇಷ್ಟ್ರೇ, ನಿಮ್ ಕೈಯಾಗೆ ಓದಿದ್ ಹುಡ್ಗಿ ಅದು. ಅಪ್ಪ ಸುಳ್ಳು ಹೇಳಿ ಗಾಡಿ ಕೊಟ್ಟ ಅಂತ ಮಾತು ಮುರಿದ್ರೆ ನಾಳೆ ಅವಳ್ನ ಯಾರು ಕೇಳ್ತಾರೆ? ನಂಗೂ ಬೆಂಗಳೂರೋನು ಟೋಪಿ ಹಾಕ್ದ, ದೇವ್ರಾಣೆ. ಇಸ್ತ್ರಿ ಜಾಸ್ತಿ ಕಾದು ಸುಟ್ಟೋಯ್ತು ಅಂತ ಶಿವಲಕ್ಷ್ಮಿ ಒಂದೇ ಒಂದ್ ಮಾತು ಅನ್ನಲಿ. ಬಣ್ಣ ನಾನೇ ಹೊಡಿಸ್ಕೊಡ್ತೀನಿ, ಅವಳೇನೂ ಕೊಡೋದ್ ಬ್ಯಾಡ. ಲೋಕನಾಥನ್ ಕೆಲ್ಸಕ್ಕೂ ಏನೂ ಆಗಲ್ಲ. ನೀವ್ ಹೇಳಿದ್ರೆ ಕೇಳ್ತಾಳೆ."

ಏನೂ ಆಗಲ್ಲ ಎಂಬುದು ವ್ಯಾಕರಣದಲ್ಲಿ ನಿಷೇಧ, ಅರ್ಥದಲ್ಲಿ ಬೆದರಿಕೆ. ಅಷ್ಟು ತಿಳಿಯದವನಲ್ಲ ನಾನು. ಕದ್ದ ಸೀಮೆಸುಣ್ಣವನ್ನು ಕದ್ದಿಲ್ಲವೆಂದ ಹುಡುಗರನ್ನು ಬಿಸಿಲಿನಲ್ಲಿ ನಿಲ್ಲಿಸಿದವನು ನಾನು. ಸತ್ಯಕ್ಕೆ ಸೋಲಿಲ್ಲವೆಂದು ಪ್ರತಿ ವರ್ಷವೂ ಬೀಳ್ಕೊಡುಗೆಯ ಭಾಷಣ ಮಾಡಿದವನು. ಆ ದಿನ ಮಾತ್ರ ನನ್ನ ಬುದ್ಧಿ ತಕ್ಕಡಿ ಹಿಡಿದು ಕುಳಿತಿತು. ಒಂದು ತಟ್ಟೆಯಲ್ಲಿ ಹೆಣ್ಣುಮಗಳ ಬಾಳು, ಇನ್ನೊಂದರಲ್ಲಿ ಒಂದು ಮಾತು. ಇನ್ನೊಂದರಲ್ಲಿಯೂ ಒಬ್ಬ ಹೆಣ್ಣುಮಗಳ ಬಾಳೇ ಇದೆಯೆಂಬುದು ನನಗೆ ಕಾಣಲಿಲ್ಲ. ಕಾಣಲಿಲ್ಲವೆಂದರೆ ಅದೂ ಅರೆಸತ್ಯ. ಕಂಡಿತ್ತು, ಚಿಕ್ಕದಾಗಿ ಕಂಡಿತ್ತು.

ನಾನು ಅಂಗಡಿಗೆ ಹೋದಾಗ ಅವಳು ಎಣ್ಣೆಬಟ್ಟೆಗಳನ್ನು ಒಗೆಯುತ್ತಿದ್ದಳು. ನನ್ನ ಮುಖ ನೋಡಿದೊಡನೆ ಅವಳಿಗೆ ತಿಳಿದುಹೋಯಿತು.

"ನೀವೂ ಅದನ್ನೇ ಹೇಳಾಕೆ ಬಂದ್ರಾ ಮೇಷ್ಟ್ರೇ?"

"ಹೇಮಶ್ರೀಯ ಬಾಳಿನ ಪ್ರಶ್ನೆ, ಶಿವಲಕ್ಷ್ಮಿ. ನಿನ್ನ ಕೈ ಎಂಥದ್ದು ಅಂತ ನನಗೆ ಗೊತ್ತಿಲ್ವೇ?"

"ನಿಮ್ಗೊಬ್ರಿಗೆ ಗೊತ್ತಿದ್ರೆ ಅಂಗಡಿ ನಡೀತದಾ? ಗಾಡಿ ಕೆಡುಸ್ದೋಳ ಕೈಗೆ ಇನ್ನೊಬ್ಬ ಗಾಡಿ ಕೊಡ್ತಾನಾ?"

"ಜನ ನಾಲ್ಕು ದಿನ ಆಡಿಕೊಳ್ತಾರೆ, ಆಮೇಲೆ ಮರೀತಾರೆ."

"ಜನ ಮರೆಯೋದು ಒಳ್ಳೇದ್ನ ಮೇಷ್ಟ್ರೇ." ಬಟ್ಟೆಯನ್ನು ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿದಳು. "ಆ ಯಪ್ಪ ಬಂದು ಹೇಳಿದ್ರೆ ನಾನು ಮುಖದ ಮ್ಯಾಲೇ ಅಂದು ಕಳಿಸ್ತಿದ್ದೆ. ಅದ್ಕೇ ನಿಮ್ನ ಕಳಿಸವ್ರೆ. ಆಯ್ತು ಬಿಡಿ. ನೀವೇ ಹೇಳಿದ್ ಮ್ಯಾಲೆ ಆಯ್ತು."

ಗುರುವಾರ ಬೀಗರು ಎರಡು ಗಾಡಿಗಳಲ್ಲಿ ಬಂದು ಮರುಳಪ್ಪನ ಮನೆಯಂಗಳದಲ್ಲಿ ಇಳಿದರು. ನಮ್ಮ ಕಡೆ ಒಂದು ಪದ್ಧತಿಯಿದೆ: ನಾಲ್ಕು ಜನರ ಮುಂದೆ ತಪ್ಪೊಪ್ಪಿಕೊಳ್ಳುವವರು ತಟ್ಟೆಯಲ್ಲಿ ಎಲೆಯಡಿಕೆಯಿಟ್ಟು, ತಪ್ಪಾಯಿತೆಂದು ಕೈಮುಗಿದು ಹಿಂದೆ ಸರಿಯಬೇಕು. ಎಲೆಯನ್ನು ಹಿರಿಯರು ಎತ್ತಿಕೊಂಡರೆ ಮಾತು ಅಲ್ಲಿಗೆ ಮುಗಿಯಿತು. ಮತ್ತೆ ಆ ವಿಷಯ ಕೆದಕುವಂತಿಲ್ಲ. ಕೆದಕುವಂತಿಲ್ಲವೆಂಬ ಕಟ್ಟು ಹಿರಿಯರಿಗೆ ಮಾತ್ರವೆಂದು ನಾನು ಆಮೇಲೆ ತಿಳಿದೆ.

ದೊಡ್ಡಮಲ್ಲಪ್ಪನವರು ನೀಳಕಾಯದ, ಅಚ್ಚಬಿಳಿ ಪಂಚೆಯ ಮನುಷ್ಯ. ಬೂದುಗಾಯದ ಅಂಚಿಗೆ ಹೆಬ್ಬೆರಳು ಸವರಿದರು. ಆಮೇಲೆ ಸುತ್ತು ಹಾಕಿ ಬಲಮಗ್ಗುಲಿಗೆ ಹೋಗಿ ಅಲ್ಲಿಯೇ ಹೆಚ್ಚು ಹೊತ್ತು ನಿಂತರು.

"ಇದ್ಯಾಕ ಹಿಂಗಾತ್ರಿ ಬೀಗರ?"

"ಇವಳ ಕೈಗೆ ಕೊಟ್ಟಿದ್ದೇ ತಪ್ಪಾಯ್ತು. ಇಸ್ತ್ರಿಪೆಟ್ಗೆ ಇಟ್ಟು ಮೈಮರ್ತವ್ಳೆ," ಎಂದ ಮರುಳಪ್ಪ.

ಶಿವಲಕ್ಷ್ಮಿ ಎಲೆಯಡಿಕೆಯ ತಟ್ಟೆಯನ್ನು ಅಂಗಳದ ಕಲ್ಲಿನ ಮೇಲಿಟ್ಟಳು. "ನಂದೇ ತಪ್ಪಾಯ್ತು. ಕೈ ತಪ್ತು," ಎಂದು ಕೈಮುಗಿದಳು. ದನಿ ಸ್ಪಷ್ಟವಾಗಿತ್ತು, ಒಪ್ಪಿಸಿದ ಪದ್ಯದಂತೆ.

ದೊಡ್ಡಮಲ್ಲಪ್ಪನವರ ಹೆಂಡತಿ ಹಂಪಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. "ಪ್ಯಾಂಟಿಗಿ ಹಚ್ಚೋ ಇಸ್ತ್ರಿ ಕಾರಿಗಿ ಹಚ್ಚೀದ್ಯೇನ ಯವ್ವಾ? ನಾಳೆ ಅದರ ಮ್ಯಾಲ ದ್ವಾಸಿ ಹುಯ್ದೀ ಮತ್ತ!"

ನೆರೆದವರೆಲ್ಲ ನಕ್ಕರು. ನಗು ಇಳಿದ ಮೇಲೆ ದೊಡ್ಡಮಲ್ಲಪ್ಪನವರು ನನ್ನ ಕಡೆ ತಿರುಗಿದರು. "ಮೇಷ್ಟ್ರ, ನೀವು ಮಗ್ಗಲ ಮನಿಯವ್ರು. ನೀವಂದ್ರ ಊರಿಗಿ ಊರ ನಂಬ್ತೈತಿ ಅಂತಾರ. ಹಿಂಗ ಆಗಿದ್ದು ಹೌದೇನ್ರಿ?"

"ಹೌದು," ಎಂದೆ. ಎರಡೇ ಅಕ್ಷರ; ಉಚ್ಚಾರಣೆ ಶುದ್ಧವಾಗಿತ್ತು.

ಅವರು ಎಲೆಯೆತ್ತಿಕೊಂಡರು. ಮದುವೆ ಮುಂದಿನ ತಿಂಗಳು ನಡೆಯಿತು. ಕಾರು ಹಿಂದೂಪುರಕ್ಕೆ ಹೋಗಿ ಹೊಸ ಬಣ್ಣ ಹೊಡೆಸಿಕೊಂಡು ಬಂದು, ಹೂವಿನ ಹಾರ ಹಾಕಿಕೊಂಡು ರಾಯದುರ್ಗಕ್ಕೆ ಹೊರಟಿತು.

ಇತ್ತ ಸ್ಟಿಕ್ಕರ್ ಅಂಗಡಿಯ ಮುಂದೆ ಗಾಡಿಗಳು ನಿಲ್ಲುವುದು ನಿಂತಿತು. ಪಡ್ಡೆಗಳು ಅವಳಿಗೆ ಇಸ್ತ್ರಿ ಲಕ್ಷ್ಮಿಯೆಂದು ಹೆಸರಿಟ್ಟರು. ಬೈಕಿನ ಟ್ಯಾಂಕಿಗೆ ಮಗಳ ಹೆಸರು ಬರೆಸಲು ಬಂದವನೊಬ್ಬ, "ಅಂಟಿಸ್ತೀನಿ ಅಂತ ಹೋಗಿ ಸುಟ್ಗಿಟ್ಟೀಯಾ ಕಣಕ್ಕ," ಎಂದು ನಗುತ್ತಲೇ ಗಾಡಿ ತಿರುಗಿಸಿಕೊಂಡು ಹೋದ. ಟ್ರ್ಯಾಕ್ಟರಿನವರು ಪಾವಗಡದ ದಾರಿ ಹಿಡಿದರು. ನಾಲ್ಕು ದಿನಗಳಲ್ಲಿ ಮರೆಯುತ್ತಾರೆಂದು ನಾನು ಹೇಳಿದ್ದೆನಲ್ಲ. ನಾಲ್ಕು ತಿಂಗಳಾದರೂ ಮರೆಯಲಿಲ್ಲ. ಆ ತಿಂಗಳುಗಳಲ್ಲಿ ನನ್ನ ಜಗಲಿಗೆ ಕಾಗುಣಿತ ಕೇಳಿಕೊಂಡು ಅವಳು ಒಮ್ಮೆಯೂ ಬರಲಿಲ್ಲ. ಕತ್ತರಿಸಲು ಅವಳಿಗೆ ಅಕ್ಷರಗಳೇ ಸಿಗುತ್ತಿರಲಿಲ್ಲ. ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ಯುಗಾದಿ ಕಳೆದ ವಾರ ಶಿವಲಕ್ಷ್ಮಿ ಅಂಗಡಿ ಮುಚ್ಚಿ, ಬೀಗದ ಕೈಯನ್ನು ಮಾಲೀಕರಿಗೆ ಕೊಡಿರೆಂದು ನನ್ನ ಕೈಗಿತ್ತು, ಒಬ್ಬಳೇ ರಾಯದುರ್ಗದ ಬಸ್ಸು ಹತ್ತಿದಳು. ಲೋಕನಾಥನ ಕೆಲಸಕ್ಕೆ ಏನೂ ಆಗಲಿಲ್ಲ. ವ್ಯಾನು ಓಡಿಸಿಕೊಂಡು ಊರಿನಲ್ಲಿಯೇ ಉಳಿದ.

ಒಂದೂವರೆ ವರ್ಷದ ಮೇಲೆ ಹೇಮಶ್ರೀಯ ಮಗುವಿನ ನಾಮಕರಣಕ್ಕೆಂದು ನಾನು ರಾಯದುರ್ಗಕ್ಕೆ ಹೋದೆ. ಹೊರಡುವಾಗಲೇ ನಿಶ್ಚಯಿಸಿದ್ದೆ: ಮದುವೆ ಆಗಿದೆ, ಮಗುವೂ ಆಗಿದೆ, ಇನ್ನು ಯಾರ ಬಾಳೂ ಕೆಡುವುದಿಲ್ಲ, ದೊಡ್ಡಮಲ್ಲಪ್ಪನವರ ಮುಂದೆ ನಿಜ ಹೇಳಿ, ಶಿವಲಕ್ಷ್ಮಿಯ ಮೇಲಿನ ಕಳಂಕವನ್ನು ತೊಡೆಯುತ್ತೇನೆ. ಊಟವಾದ ಮೇಲೆ ಅವರನ್ನು ಬೇವಿನ ನೆರಳಿಗೆ ಕರೆದುಕೊಂಡು ಹೋಗಿ ಹೇಳಿದೆ.

"ಆ ದಿನ ನಾನು ಸುಳ್ಳು ಹೇಳಿದೆ. ಆ ಹೆಂಗಸಿನದು ಏನೂ ತಪ್ಪಿಲ್ಲ. ಗಾಡಿಗೆ ಮೊದಲೇ ಪೆಟ್ಟಾಗಿತ್ತು, ಬಣ್ಣ ಮತ್ತೆ ಹೊಡೆಸಿದ್ದು. ಪಟ್ಟಿಯನ್ನು ಕಿತ್ತವನು ಮರುಳಪ್ಪ."

ಅವರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ ಬಿಡ್ರಿ ಮೇಷ್ಟ್ರ."

"ಗೊತ್ತಿತ್ತೇ?"

"ನೋಡಿದ್ ಕೂಡ್ಲೇ ಗೊತ್ತಾತು. ಕಾವಿಗೆ ಸುಟ್ಟಿದ್ರ ಬೊಕ್ಕಿ ಏಳ್ತೈತಿ, ಪದರ ಪದರ ಬಿಚ್ಚಂಗಿಲ್ಲ. ಕೆಳಗ ಮೆತ್ತಿದ್ದು ಕಣ್ಣಿಗಿ ಹೊಡೀತಿತ್ತು. ಶೆಡ್ಡು ಹಾಕೋಕಿಂತ ಮೊದ್ಲ ನಾವು ಲಾರಿ ಇಟ್ಟವ್ರು ನೋಡ್ರಿ."

"ಗೊತ್ತಿದ್ದೂ ಆ ಹೆಂಗಸಿನ ಕೈಯಿಂದ ಎಲೆ ಇಡಿಸಿಕೊಂಡಿರಾ?"

"ಮತ್ತೇನ್ ಮಾಡ್ಬೇಕಿತ್ರಿ? ಲಗ್ನ ಮುರೀಬೇಕಿತ್ತೇನು? ಹುಡುಗಿ ಬಂಗಾರದಂಥಾಕಿ. ಆದ್ರ ನಮ್ಮ ಮಂದಿ ಎಲ್ಲಾ ನಿಂತಿದ್ರು, ಗಾಡಿ ಕೆಟ್ಟಿದ್ದು ಎಲ್ಲಾರಿಗೂ ಕಾಣತಿತ್ತು. ಯಾರರ ಒಬ್ರು ತಪ್ಪಾತು ಅನ್ಬೇಕಾಗಿತ್ತು. ಬೀಗರ ಬಾಯಿಂದ ಅನ್ಸಾಕ ಬರ್ತೈತೇನು? ಆಕಿ ಅಂದ್ಲು. ಮುಗೀತು."

ಆ ಮಾತನ್ನು ಅವರು ಎಷ್ಟು ಸಹಜವಾಗಿ ಆಡಿದರೆಂದರೆ, ಸಿಟ್ಟಾಗಬೇಕಾದ ನಾನು ತಬ್ಬಿಬ್ಬಾದೆ. ಹೇಮಶ್ರೀಯ ಬಾಳು ಆ ದಿನ ಯಾವ ತಕ್ಕಡಿಯಲ್ಲಿಯೂ ಇರಲಿಲ್ಲ. ನಾನು ತೂಗಿದ್ದು ಬರಿಯ ಮರುಳಪ್ಪನ ಮುಖವನ್ನು.

"ಅವಳು ಊರು ಬಿಟ್ಟಳು," ಎಂದೆ.

"ಎಲ್ಲಿಗಿ ಹೋಗ್ತಾಳ್ರಿ? ನಮ್ಮ ಶೆಡ್ಡಿನಾಗ ಅದಾಳ. ಬಲಗಡಿ ಕೆಲ್ಸ ನೋಡಿದ್ನಲ್ಲ ಅವತ್ತು. ಅಂಥಾ ಕೈ ಸುಮ್ಮ ಸಿಗಂಗಿಲ್ಲ. ಬಂದು ಕೇಳಿದ್ಲು, ಇಟ್ಗೊಂಡೆ."

"ಚೆಕಿಂಗ್ ಮೇಜಿನಲ್ಲಿ ಕೂರಿಸಿದ್ದೀರಾ?"

"ಅದ್ಹೆಂಗ ಆಕ್ಕೈತ್ರಿ! ನಾಕ್ ಮಂದ್ಯಾಗ ತಪ್ಪು ಒಪ್ಗೊಂಡಾಕಿನ್ನ ಮಂದಿ ತಪ್ಪು ಹಿಡ್ಯಾಕ ಕುಂದರ್ಸಿದ್ರ ಉಳಿದ ಹೆಣ್ಮಕ್ಳು ಸುಮ್ಮಿರ್ತಾರೇನು? ಉಜ್ಜೋ ಕೆಲ್ಸಕ್ಕ ಹಾಕೀನಿ. ಹೋಗ್ರಿ, ಹಿಂದ ಅದಾಳ, ಮಾತಾಡಿಸ್ರಿ."

ಶೆಡ್ಡಿನ ಗಾಳಿ ನೀಲಿಯಾಗಿತ್ತು. ಹತ್ತು ಹನ್ನೆರಡು ಹೆಂಗಸರು ಮರದ ದಿಮ್ಮಿಗಳಿಗೆ ಹೊಸ ಪ್ಯಾಂಟುಗಳನ್ನು ತೊಡಿಸಿ, ತೊಡೆಯ ಭಾಗವನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ ಶಿವಲಕ್ಷ್ಮಿಯನ್ನು ಕಣ್ಣಿನಿಂದ ಗುರುತಿಸಿದೆ. ಹುಬ್ಬಿನ ಮೇಲೆಯೂ ನೀಲಿ ಧೂಳು.

"ಮೇಷ್ಟ್ರೇ! ಯಾವಾಗ್ ಬಂದ್ರಿ? ಊಟ ಆಯ್ತಾ?"

"ಆಯಿತಮ್ಮ. ಇದೇನು ಕೆಲಸ?"

"ಹೊಸಾದ್ನ ಹಳೇದ್ ಮಾಡೋದು. ಸಿಟಿಯೋರಿಗೆ ಇದೇ ಇಷ್ಟ ಅಂತೆ. ಊರಾಗೆ ಬಣ್ಣ ಉಳ್ಸಿ ಕೆಟ್ಟೋಳಾದೆ, ಇಲ್ಲಿ ಬಣ್ಣ ಕೆಡ್ಸಿ ಒಳ್ಳೇ ಕೆಲ್ಸದೋಳಾಗಿದೀನಿ." ಪಕ್ಕದಲ್ಲಿದ್ದ ಸಣ್ಣಕ್ಕ ಎಂಬವಳು ಕಿಸಕ್ಕನೆ ನಕ್ಕು ಕೆಮ್ಮಿದಳು.

ದೊಡ್ಡಮಲ್ಲಪ್ಪನವರು ಹೇಳಿದ್ದನ್ನೆಲ್ಲ ನಾನು ಹೇಳಿದೆ. ಅವಳು ಉಜ್ಜುತ್ತಲೇ ಕೇಳಿದಳು.

"ಅವ್ರಿಗೆ ಗೊತ್ತಾಯ್ತು ಅಂತ ನಂಗೂ ಅವತ್ತೇ ಗೊತ್ತಾಯ್ತು ಮೇಷ್ಟ್ರೇ. ಬಲಗಡೆ ನಿಂತ್ಕಂಡು ಅಷ್ಟೊತ್ತು ನೋಡಿದ್ರಲ್ಲ. ನಾನು ಕೈ ಮುಗುದ್ರೂ ನನ್ ಕಣ್ಣು ನಿಮ್ ಕಡೇನೇ ಇತ್ತು. ನೀವು ಏನಂತೀರೋ ಅಂತ."

"ಊರಿಗೆ ಹೋಗಿ ಹೇಳುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಮರುಳಪ್ಪನ ಎದುರಿಗೇ ಹೇಳುತ್ತೇನೆ. ನಾನು ಹೇಳಿದರೆ ನಂಬುತ್ತಾರೆ, ಶಿವಲಕ್ಷ್ಮಿ."

"ಅವತ್ತು ನಂಬ್ತಿದ್ರು ಮೇಷ್ಟ್ರೇ," ಎಂದಳು.

ದನಿಯಲ್ಲಿ ಕೋಪವಿರಲಿಲ್ಲ. ಅವಳು ಪ್ಯಾಂಟನ್ನು ಮಗುಚಿ, ಇನ್ನೊಂದು ಕಾಲನ್ನು ದಿಮ್ಮಿಗೆ ಎಳೆದು, ಹೊಸ ಕಾಗದ ಹರಿದುಕೊಂಡಳು.

ಹೇಳಿದೆ. ಮರುದಿನವೇ ಮಡಕಶಿರದ ಬಸ್ ನಿಲ್ದಾಣದ ಎದುರು ಎರ್ರಪ್ಪನ ಟೀ ಅಂಗಡಿಯಲ್ಲಿ, ಹತ್ತು ಜನ ಕುಳಿತಿದ್ದಾಗ, ಆದದ್ದನ್ನು ಆದಂತೆ, ನನ್ನ ಪಾಲಿನ ಸುಳ್ಳನ್ನೂ ಬಿಡದೆ ಹೇಳಿದೆ. ಮರುಳಪ್ಪನೂ ಅಲ್ಲಿಯೇ ಇದ್ದ, ಲೋಟದಿಂದ ತಲೆಯೆತ್ತಲಿಲ್ಲ. ಎರ್ರಪ್ಪ ಟೀಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುತ್ತ ಕೇಳಿದ:

"ಹಂಗಾದ್ರೆ ಮೇಷ್ಟ್ರೇ, ಅವತ್ತು ಬೀಗರ ಮುಂದೆ ಹೇಳಿದ್ದು ಸುಳ್ಳಾ, ಇವತ್ತು ಹೇಳ್ತಿರೋದು ಸುಳ್ಳಾ? ಯಾವುದ್ನ ನಂಬಾಣ ನಾವು?"

ಬೆಂಚಿನ ಮೇಲಿದ್ದವರು ಗೊಳ್ಳೆಂದು ನಕ್ಕರು. ಅವರಲ್ಲಿ ಆರು ಮಂದಿ ನನ್ನ ಶಿಷ್ಯರು.